ಮಕ್ಕಳ ಹೆಸರಿಗೆ ಈಗಲೇ ಬರೆದುಕೊಡಬೇಕಾ? ಸಹಿ ಹಾಕುವ ಮೊದಲು ಕೂತು ನೋಡಬೇಕಾದ ಲೆಕ್ಕ

ನಮ್ಮಪ್ಪ 1994ರಲ್ಲಿ ಬೆಟಗೇರಿಯ ಮನೆಯನ್ನು ಅಣ್ಣನ ಹೆಸರಿಗೆ ಬಕ್ಷೀಸ ಪತ್ರ (ದಾನಪತ್ರ) ಮಾಡಿಕೊಟ್ಟರು. ಆಗ ಅವರಿಗೆ 62 ವರ್ಷ. ಅಣ್ಣ ಬಂಗಾರದಂಥ ಮನುಷ್ಯ. ಅಪ್ಪ ಅವ್ವನನ್ನು ಒಂದು ದಿನವೂ ನೋಯಿಸಲಿಲ್ಲ. 2003ರಲ್ಲಿ, 47ನೇ ವಯಸ್ಸಿಗೇ, ಎದೆನೋವು ಬಂದು ಅಣ್ಣ ಹೋಗಿಬಿಟ್ಟ. ಹದಿಮೂರು ದಿನ ಕಳೆದ ಮೇಲೆ ಗೊತ್ತಾಯಿತು, ಗೆಳೆಯನ ಸಾಲಕ್ಕೆ ಅವನು ಜಾಮೀನು ನಿಂತಿದ್ದ. ಸಾಲದವರು ಮನೆ ಬಾಗಿಲಿಗೆ ಬಂದರು. ಮನೆ ಅಣ್ಣನದೇ ಆಗಿತ್ತಲ್ಲ, ತಡೆಯಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ವಾರಸಾ ನೋಡಿದಾಗ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತೀರಿಕೊಂಡ ಮಗನ ಆಸ್ತಿಗೆ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ತಂದೆ ಎರಡನೇ ವರ್ಗ. ವೈನಿ, ಇಬ್ಬರು ಮಕ್ಕಳು, ಅವ್ವ, ಹೀಗೆ ನಾಲ್ಕು ಸಮ ಪಾಲು ಆಯಿತು. ಆ ಮನೆ ಕಟ್ಟಿದ ಅಪ್ಪನಿಗೆ ಒಂದು ಇಟ್ಟಂಗಿಯೂ ಬರಲಿಲ್ಲ. ಕೊನೆಗೆ ಮನೆ ಮಾರಿ ಸಾಲ ತೀರಿಸಿದೆವು. 71ನೇ ವಯಸ್ಸಿನಲ್ಲಿ ಅಪ್ಪ ನನ್ನ ಬಾಡಿಗೆ ಮನೆಗೆ ಬಂದರು.

ಇಲ್ಲಿ ಯಾರದೂ ತಪ್ಪಿಲ್ಲ. ಅದಕ್ಕೇ ಈ ಕಥೆಯನ್ನು ಮೊದಲು ಹೇಳಿದೆ. ಬರೆದುಕೊಡುವ ವಿಷಯ ಬಂದರೆ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: "ಮಗ ನೋಡ್ಕೋತಾನೋ ಇಲ್ಲೋ?" ಮಗ ಒಳ್ಳೆಯವನು ಅಂತ ಗೊತ್ತಾದ ಕೂಡಲೇ ಸಹಿ ಹಾಕುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಒಳ್ಳೆಯ ಮಗ ನಾಳೆ ಇಲ್ಲದೇ ಹೋದರೂ, ಸಾಲಕ್ಕೆ ಬಿದ್ದರೂ, ಈ ಕಾಗದ ನಿಮ್ಮನ್ನು ಕಾಪಾಡುತ್ತದಾ?

ನಾನು ಹುಬ್ಬಳ್ಳಿ, ಗದಗ, ರಾಣೆಬೆನ್ನೂರು ಶಾಖೆಗಳಲ್ಲಿ 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಕೀಲನಲ್ಲ. ಆದರೆ ನವನಗರದ ನಮ್ಮ ಮನೆಗೆ ವಾರಕ್ಕೊಬ್ಬರಾದರೂ ಹಿರಿಯರು ಕಾಗದ ಹಿಡಿದುಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ, ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

1. ಆಸ್ತಿ ನಿಮ್ಮ ಕೈಗೆ ಹೇಗೆ ಬಂತು, ಅದನ್ನು ಮೊದಲು ನೋಡಿ

ಉತಾರದಲ್ಲಿ ನಿಮ್ಮೊಬ್ಬರದೇ ಹೆಸರಿದೆ ಅಂದ ಮಾತ್ರಕ್ಕೆ ಅದು ಪೂರ್ತಿ ನಿಮ್ಮದು ಅಂತಲ್ಲ. ಉತಾರ ಕಂದಾಯದ ದಾಖಲೆ. ಮಾಲಕಿಯನ್ನು, ಅಂದರೆ ಒಡೆತನವನ್ನು, ಅದರ ಹಿಂದಿರುವ ಕಾಗದ ಹೇಳುತ್ತದೆ.

ನಿಮ್ಮ ದುಡಿಮೆಯಿಂದ ಖರೀದಿ ಮಾಡಿದ್ದು ನಿಮ್ಮ ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ಮಕ್ಕಳು ತಕರಾರು ಮಾಡುವಂತಿಲ್ಲ. ಅಜ್ಜ ಮುತ್ತಜ್ಜನಿಂದ ಇಳಿದು ಬಂದ ಪಿತ್ರಾರ್ಜಿತ ಹೊಲದ ಕಥೆ ಬೇರೆ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇರುತ್ತದೆ. ಹೆಣ್ಣುಮಕ್ಕಳಿಗೂ ಅಷ್ಟೇ ಪಾಲು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಹೇಳಿತು. ಆ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಗಟ್ಟಿ ಮಾಡಿತು. ಇಂಥ ಆಸ್ತಿಯನ್ನು ತಂದೆಯೊಬ್ಬರೇ ಒಬ್ಬ ಮಗನಿಗೆ ಬಕ್ಷೀಸ ಕೊಟ್ಟರೆ ಆ ಪತ್ರ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮೊದಲು ಎಲ್ಲರೂ ಸೇರಿ ವಾಟ್ನಿ, ಅಂದರೆ ಪಾಲು, ಮಾಡಿಕೊಳ್ಳಿ. ನಿಮ್ಮ ಪಾಲಿಗೆ ಎಷ್ಟು ಬಂತೋ ಅದರ ಬಗ್ಗೆ ಮಾತ್ರ ಆಮೇಲೆ ಯೋಚಿಸಿ. ವಾಟ್ನಿಯಲ್ಲಿ ಹೆಂಡತಿಗೂ ಒಂದು ಪಾಲು ಇಡಿ ಅಂತ ನಾನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಅದನ್ನು ಮರೆಯುವವರೇ ಜಾಸ್ತಿ.

ನಡುವೆ ಇನ್ನೊಂದು ಬಗೆ ಇದೆ. ನಿಮ್ಮ ತಂದೆ ಸ್ವಂತ ದುಡಿಮೆಯಿಂದ ಕೊಂಡಿದ್ದರು, ಮೃತ್ಯುಪತ್ರ (ವಿಲ್) ಬರೆಯದೆ ತೀರಿಕೊಂಡರು, ವಾರಸಾ ಮೂಲಕ ನಿಮಗೆ ಬಂತು. ಇದು ಬಹಳ ಸಲ ನಿಮ್ಮ ಸ್ವಂತದ್ದೇ ಆಗುತ್ತದೆ. ಆದರೂ ಹಳೆಯ ಕಾಗದ ತೆಗೆದುಕೊಂಡು ಹೋಗಿ ವಕೀಲರಿಗೆ ತೋರಿಸಿ. ಧಾರವಾಡದಲ್ಲಿ ಹೈಕೋರ್ಟ್ ಪೀಠವೇ ಇದೆ, ಆಸ್ತಿ ವ್ಯಾಜ್ಯ ಅರೆದು ಕುಡಿದ ವಕೀಲರಿಗೆ ಇಲ್ಲಿ ಬರವಿಲ್ಲ. ಒಂದು ಸಲದ ಸಲಹೆಗೆ ಕೊಡುವ ಫೀಸು, ಹತ್ತು ವರ್ಷದ ದಾವೆಯ ಮುಂದೆ ಏನೂ ಅಲ್ಲ.

ಹೊಲ ಸರ್ಕಾರದಿಂದ ಮಂಜೂರಾದದ್ದಾ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಮೊದಲೇ ಪಡೆಯದೆ ಪರಭಾರೆ ಮಾಡುವಂತಿಲ್ಲ. 1978ರ ಕಾಯ್ದೆಯಲ್ಲಿ ಪರಭಾರೆ ಅಂದರೆ ದಾನವೂ ಸೇರಿದೆ. ಮನೆಯವರ ನಡುವಿನ ವಾಟ್ನಿ ಮತ್ತು ಮೃತ್ಯುಪತ್ರ ಇದರಿಂದ ಹೊರಗಿವೆ.

ಉತಾರದಲ್ಲಿ ಬೋಜಾ (ಸಾಲದ ಹೊರೆ) ಇದೆಯಾ ಅಂತಲೂ ನೋಡಿ. ಸೊಸೈಟಿಯ ಬೆಳೆ ಸಾಲ, ಟ್ರ್ಯಾಕ್ಟರ್ ಸಾಲ ಇಂಥದ್ದು ಅಲ್ಲಿ ಕಾಣುತ್ತದೆ. ಅದು ತೀರದೆ ಮುಂದಿನ ಹೆಜ್ಜೆ ಇಡಬೇಡಿ.

2. ನಿಮ್ಮಿಬ್ಬರ ತಿಂಗಳ ಲೆಕ್ಕ ಬರೆಯಿರಿ

ಇದನ್ನು ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆಯಿರಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಔಷಧಿಗೆ ಎಷ್ಟು, ಕಿರಾಣಿಗೆ ಎಷ್ಟು ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತು.

ಒಂದು ಉದಾಹರಣೆ ನೋಡಿ. ಗದಗದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ತಿಂಗಳ ಖರ್ಚು 25,000 ರೂಪಾಯಿ. ಪಿಂಚಣಿ 14,000. ಹೊಲ ಲಾವಣಿಗೆ (ಗೇಣಿಗೆ) ಕೊಟ್ಟಿದ್ದಾರೆ, ವರ್ಷಕ್ಕೆ 60,000 ಬರುತ್ತದೆ, ಅಂದರೆ ತಿಂಗಳಿಗೆ 5,000. ಮನೆಯ ಮುಂದಿನ ಕೋಣೆ ದರ್ಜಿಯೊಬ್ಬರಿಗೆ ಬಾಡಿಗೆ, ಅದರಿಂದ 6,000. ಅಲ್ಲಿಗೆ ಸರಿಹೋಯಿತು, ಒಂದು ರೂಪಾಯಿ ಉಳಿಯಲಿಲ್ಲ. ಹೊಲ ಮಗನಿಗೆ ಕೊಟ್ಟರೆ ವರ್ಷಕ್ಕೆ 60,000 ಕಡಿಮೆ. ಮನೆ ಕೊಟ್ಟರೆ ವರ್ಷಕ್ಕೆ 72,000 ಕಡಿಮೆ, ಸೂರೂ ಹೋಯಿತು. ಇದು ಇವತ್ತಿನ ಲೆಕ್ಕ. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ 12 ವರ್ಷದಲ್ಲಿ ಖರ್ಚು ಎರಡು ಪಟ್ಟು ಆಗುತ್ತದೆ. ನಿಮಗೆ ಈಗ 63, ನಿಮ್ಮ ಮನೆಯವರಿಗೆ 58 ಅಂದುಕೊಳ್ಳಿ. ಅವರ 85ರವರೆಗೆ ಅಂದರೆ ಇನ್ನೂ 27 ವರ್ಷ ಸಾಗಬೇಕು. ಲೆಕ್ಕವನ್ನು ಯಾವಾಗಲೂ ಇಬ್ಬರಲ್ಲಿ ಚಿಕ್ಕವರ ವಯಸ್ಸಿಗೆ ಹಾಕಿ.

ಹೊಲ ಕೊಡುವವರು ಇನ್ನೊಂದು ಸಂಗತಿ ನೆನಪಿಡಬೇಕು. ಉತಾರದಿಂದ ಹೆಸರು ಹೋದರೆ ನಿಮ್ಮ ಹೆಸರಲ್ಲಿ ಬೆಳೆ ಸಾಲ ಸಿಗುವುದು, ಬೆಳೆ ವಿಮೆ ಆಗುವುದು ಕಷ್ಟ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ನಿಲ್ಲುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಬೆಳೆಯುವ ಹಿರಿಯರೊಬ್ಬರು ಐದು ಎಕರೆ ಪೂರ್ತಿ ಮಗನಿಗೆ ಬರೆದುಕೊಟ್ಟು, ಮುಂದಿನ ಹಂಗಾಮಿಗೆ ಸಾಲ ಕೇಳಲು ನಾನಿದ್ದ ಶಾಖೆಗೆ ಬಂದಿದ್ದರು. ದುಡಿಯುವವರು ಅವರೇ. ಕಾಗದದಲ್ಲಿ ಮಾತ್ರ ಅವರು ರೈತರಾಗಿ ಉಳಿದಿರಲಿಲ್ಲ. ಅವರ ಮುಖ ನನಗೆ ಇನ್ನೂ ನೆನಪಿದೆ.

ಹೀಗೆ ಲೆಕ್ಕ ಹಾಕಿದ ಮೇಲೆ ಆಸ್ತಿ ತಾನಾಗಿಯೇ ಬೇರೆ ಬೇರೆ ಆಗುತ್ತದೆ. ನೀವು ಇರುವ ಮನೆ ಒಂದು. ನಿಮಗೆ ಅನ್ನ ಕೊಡುವ ಹೊಲ, ಬಾಡಿಗೆ, ಠೇವಣಿ ಇನ್ನೊಂದು. ಇವೆರಡೂ ಹೋಗಿ ಏನಾದರೂ ಉಳಿದರೆ, ಅಂದರೆ ಖಾಲಿ ಪ್ಲಾಟು, ಎರಡನೇ ಮನೆ, ಜಾಸ್ತಿ ಬಂಗಾರ, ಅದನ್ನು ಸಂತೋಷದಿಂದ ಈಗಲೇ ಕೊಡಿ. ಇರುವ ಮನೆಯನ್ನು ಬದುಕಿರುವಾಗ ಬರೆದುಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೊಡಲೇಬೇಕಾದರೆ ಮುಂದೆ ಹೇಳುವ ಷರತ್ತು ಇಲ್ಲದೆ ಕೊಡಬೇಡಿ.

3. ಈಗಲೇ ಯಾಕೆ?

ಈಗ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಗಳಿಗೆ 35 ವರ್ಷ ಇದ್ದಾಗ ಸಿಗುವ ಐದು ಲಕ್ಷ, ಅವಳ 60ನೇ ವಯಸ್ಸಿಗೆ ಸಿಗುವ ಇಪ್ಪತ್ತು ಲಕ್ಷಕ್ಕಿಂತ ದೊಡ್ಡದು. ಮಕ್ಕಳು ನಮ್ಮ ಕಣ್ಣ ಮುಂದೆ ಮನೆ ಕಟ್ಟುವುದನ್ನು ನೋಡುವ ಸುಖಕ್ಕೆ ಬೆಲೆ ಕಟ್ಟಲಾಗದು. ಅಂಗವಿಕಲ ಮಗ ಅಥವಾ ಮಗಳಿದ್ದರೆ ಅವರ ಹೆಸರಿಗೆ ಏನಾದರೂ ಭದ್ರವಾಗಿ ಇಡುವುದೂ ಸರಿಯಾದ ಕಾರಣವೇ. ಒಬ್ಬನೇ ಮಗ ವರ್ಷಾನುಗಟ್ಟಲೆ ಹೊಲದಲ್ಲಿ ನಿಮ್ಮ ಜೊತೆ ದುಡಿದಿದ್ದರೆ ಅವನ ಶ್ರಮಕ್ಕೆ ಕಾಗದದಲ್ಲಿ ಜಾಗ ಸಿಗಬೇಕು.

ಆದರೆ "ಎಲ್ಲಾರೂ ಮಾಡಾಕ್ಹತ್ಯಾರ", "ಈಗ ಮಾಡಿಟ್ರ ಮುಂದ ಜಗಳ ಇರೂದಿಲ್ಲ", "ಸ್ಟ್ಯಾಂಪ್ ಫೀ ಕಡಿಮಿ ಐತಿ", ಇವು ಕಾರಣಗಳಲ್ಲ. ಜಗಳ ತಪ್ಪಿಸಲು ಮೃತ್ಯುಪತ್ರ ಸಾಕು.

ನಮ್ಮ ಕಡೆ ಬಹಳ ಕೇಳುವ ಕಾರಣ ಇನ್ನೊಂದಿದೆ: "ಯಪ್ಪಾ, ಲೋನ್ ಆಗಬೇಕಂದ್ರ ಜಾಗ ನನ್ನ ಹೆಸರಿಗೆ ಬೇಕಂತ." ಬ್ಯಾಂಕಿನವನಾಗಿ ಹೇಳುತ್ತೇನೆ, ಬಹಳ ಸಲ ತಂದೆಯನ್ನು ಜೊತೆ ಸಾಲಗಾರರನ್ನಾಗಿ ಸೇರಿಸಿಕೊಂಡೂ ಸಾಲ ಆಗುತ್ತದೆ. ಅದರಲ್ಲೂ ಅಪಾಯ ಇದೆ, ಸಾಲ ಕಟ್ಟದಿದ್ದರೆ ಜಾಗ ಹೋಗುತ್ತದೆ. ಮಾಲಕಿಯಾದರೂ ನಿಮ್ಮಲ್ಲೇ ಉಳಿಯುತ್ತದೆ. ಸಹಿ ಮಾಡುವ ಮೊದಲು ಶಾಖೆಗೆ ಹೋಗಿ ನೀವೇ ಕೇಳಿ. ಮಗ ಹೇಳಿದ ಅಂತ ಸುಮ್ನೆ ನಂಬಿ ಸಹಿ ಹಾಕಬೇಡಿ. ಅವನು ಸುಳ್ಳು ಹೇಳುತ್ತಾನೆ ಅಂತಲ್ಲ, ಅವನಿಗೂ ಯಾರೋ ಅರ್ಧ ಹೇಳಿರುತ್ತಾರೆ.

4. ಕೊಟ್ಟ ಮೇಲೆ ಏನೇನಾಗಬಹುದು

ಬಕ್ಷೀಸ ಪತ್ರ ನೋಂದಣಿಯಾದ ಕ್ಷಣದಿಂದ ಆಸ್ತಿ ಮಗನದು ಅಥವಾ ಮಗಳದು. ನಿಮಗೆ ಮನಸ್ಸು ಬದಲಾಯಿತು ಅಂತ ವಾಪಸ್ ಪಡೆಯಲು ಆಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. "ನನಗೆ ಬೇಕೆನಿಸಿದಾಗ ರದ್ದು ಮಾಡುತ್ತೇನೆ" ಅಂತ ಪತ್ರದಲ್ಲೇ ಬರೆದರೂ ಆ ದಾನವೇ ಊರ್ಜಿತವಾಗುವುದಿಲ್ಲ.

ಅಣ್ಣನ ಕಥೆ ಹೇಳಿದೆ. ಮಗಳಿಗೆ ಕೊಟ್ಟಾಗ ಬೇರೆ ತೊಡಕಿದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ತಂದೆ ತಾಯಿಯಿಂದ ವಾರಸಾ ಮೂಲಕ ಬಂದ ಆಸ್ತಿ ಇದ್ದು, ಮಗಳು ಮಕ್ಕಳಿಲ್ಲದೆ, ಮೃತ್ಯುಪತ್ರವೂ ಇಲ್ಲದೆ ತೀರಿಕೊಂಡರೆ ಅದು ತಂದೆಯ ವಾರಸುದಾರರಿಗೆ ಮರಳುತ್ತದೆ. ಬಕ್ಷೀಸ ಕೊಟ್ಟದ್ದು ವಾರಸಾ ಅಲ್ಲ. ಅದು ಗಂಡನಿಗೆ, ಗಂಡ ಇಲ್ಲದಿದ್ದರೆ ಗಂಡನ ಕಡೆಯವರಿಗೆ ಹೋಗುತ್ತದೆ. ಅಳಿಯ ಒಳ್ಳೆಯವನಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಗೊತ್ತಿದ್ದು ಕೊಡಿ ಅಷ್ಟೇ. ಆಸ್ತಿ ಪಡೆದ ಮಗಳಿಗೂ ಮಗನಿಗೂ ತಮ್ಮದೊಂದು ಮೃತ್ಯುಪತ್ರ ಬರೆದಿಡಲು ಹೇಳಿ. ಎಳೆಯರಿಗೆ ಇದು ಅಪಶಕುನ ಅನಿಸುತ್ತದೆ. ನನ್ನ ಮಗನೂ ಮುಖ ಸಿಂಡರಿಸಿದ. ದೊಡ್ಡಪ್ಪನ ಕಥೆ ನೆನಪಿಸಿದ ಮೇಲೆ ಬರೆದ.

ಜಾಮೀನಿನ ವಿಷಯ ನೇರವಾಗಿ ಕೇಳಿ. "ತಮ್ಮಾ, ಯಾರಿಗರ ಜಾಮೀನ ನಿಂತೀ ಏನು?" ಸೊಸೈಟಿ, ಸೌಹಾರ್ದ, ಫೈನಾನ್ಸ್, ಗೆಳೆಯರ ಚೀಟಿ, ನಮ್ಮ ಕಡೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ಚಹಾ ಕುಡಿದಷ್ಟು ಸಲೀಸು. ಆಸ್ತಿ ಮಗನ ಹೆಸರಿಗೆ ಬಂದ ದಿನದಿಂದ ಅವನ ಜಾಮೀನಿಗೆ ನಿಮ್ಮ ಮನೆ ಹೊಣೆಯಾಗುತ್ತದೆ.

ಮೊಮ್ಮಗನ ಹೆಸರಿಗೆ ಮಾಡುವವರೂ ಇದ್ದಾರೆ. ಹಿಂದೂ ಅಪ್ರಾಪ್ತರ ಹೆಸರಿನ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ತಂದೆ ತಾಯಿಯೂ ಮಾರುವಂತಿಲ್ಲ. ಆಸ್ಪತ್ರೆಗೆ ತುರ್ತಾಗಿ ಹಣ ಬೇಕಾದಾಗ ಇದು ಕಟ್ಟಿಹಾಕುತ್ತದೆ.

5. ಯಾವ ಕಾಗದ?

ಮೃತ್ಯುಪತ್ರ ಅಂದರೆ ನಿಮ್ಮ ನಂತರ ಯಾರಿಗೆ ಅನ್ನುವುದು. ಬದುಕಿರುವವರೆಗೆ ಎಲ್ಲವೂ ನಿಮ್ಮದೇ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯವಿಲ್ಲ, ಆದರೆ ಮಾಡಿಸಿ. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ಇರುವ ಮನೆಗೆ ಇದೇ ಸರಿಯಾದ ಕಾಗದ ಅಂತ ನನ್ನ ನಂಬಿಕೆ. ಮೊದಲು ಹೆಂಡತಿಗೆ, ಅವರ ನಂತರ ಮಕ್ಕಳಿಗೆ ಅಂತ ಬರೆಯಿರಿ.

ಬಕ್ಷೀಸ ಪತ್ರ, ಅಂದರೆ ದಾನಪತ್ರ, ಬದುಕಿರುವಾಗಲೇ ಕೊಡುವುದು. ಸ್ಥಿರಾಸ್ತಿಗೆ ಇದು ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿ ಬೇಕು, ನೀವು ಬದುಕಿರುವಾಗಲೇ ಪಡೆಯುವವರು ಒಪ್ಪಿಕೊಳ್ಳಬೇಕು. ಊರಲ್ಲಿ ಇನ್ನೂ "ವರ್ದಿ ಕೊಟ್ಟರ ಆತು" ಅನ್ನುವವರಿದ್ದಾರೆ. ವರ್ದಿ ಅಂದರೆ ಉತಾರದಲ್ಲಿ ಹೆಸರು ಬದಲಿಸಲು ಕೊಡುವ ಅರ್ಜಿ. ಅದರಿಂದ ಹೆಸರು ಬದಲಾದರೂ ದಾನ ಆಗುವುದಿಲ್ಲ.

ಒಟ್ಟು ಕುಟುಂಬದ ಆಸ್ತಿಗೆ ವಾಟ್ನಿ ಪತ್ರ. ಪಾಲು ಬೇಡ ಅನ್ನುವವರು ಬರೆದುಕೊಡುವುದು ಹಕ್ಕು ಬಿಡುಗಡೆ ಪತ್ರ. ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಓದಿ ಹೇಳದೆ ಇದಕ್ಕೆ ಸಹಿ ಹಾಕಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವಳು ಮನಸಾರೆ ಬೇಡ ಅಂದರೆ ಬೇರೆ ಮಾತು.

ಮುಸ್ಲಿಂ ಕುಟುಂಬಗಳಿಗೆ ನಿಯಮ ಬೇರೆ. ಹಿಬಾ, ಅಂದರೆ ದಾನ, ಬಾಯಿಮಾತಿನಲ್ಲೂ ಆಗುತ್ತದೆ. ಕೊಡುತ್ತೇನೆ ಅನ್ನಬೇಕು, ಪಡೆಯುವವರು ಒಪ್ಪಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಮೃತ್ಯುಪತ್ರದಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಭಾಗದವರೆಗೆ ಮಾತ್ರ ಬರೆಯಬಹುದು.

6. ಕೊಡುವುದೇ ಆದರೆ ಈ ಎರಡು ಸಾಲು ಬಿಡಬೇಡಿ

ಬಾಂಡ್ ರೈಟರ್ ಹತ್ತಿರ ಹೋದರೆ ಸಿದ್ಧ ನಮೂನೆ ಇರುತ್ತದೆ. "ಪ್ರೀತಿ ವಿಶ್ವಾಸದಿಂದ ಯಾವ ಪ್ರತಿಫಲವಿಲ್ಲದೆ" ಅಂತ ಬರೆದು ಕೆಳಗೆ ಸಹಿ. ಅಷ್ಟಕ್ಕೇ ಒಪ್ಪಬೇಡಿ.

ಮೊದಲನೆಯದು ಇರುವ ಹಕ್ಕು. ಹೀಗೆ ಬರೆಸಬಹುದು: "ನಾನು ಮತ್ತು ನನ್ನ ಹೆಂಡತಿ, ನಮ್ಮಿಬ್ಬರಲ್ಲಿ ಕೊನೆಯವರು ಬದುಕಿರುವವರೆಗೆ, ಈ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಇದರ ಬಾಡಿಗೆ ಪಡೆಯುವ ಹಕ್ಕನ್ನೂ ನಮ್ಮಲ್ಲೇ ಉಳಿಸಿಕೊಂಡಿರುತ್ತೇವೆ." ಸ್ವಾಧೀನ ಬಿಟ್ಟುಕೊಡದೆ, ಜೀವ ಇರುವವರೆಗೆ ಅನುಭವಿಸುವ ಹಕ್ಕು ಇಟ್ಟುಕೊಂಡು ದಾನ ಮಾಡಿದರೂ ಅದು ಊರ್ಜಿತ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ ಹೇಳಿದೆ. ಈ ಸಾಲು ಇದ್ದರೆ ಮಗ ತೀರಿಕೊಂಡರೂ, ಮನೆ ಮಾರಿದರೂ, ನಿಮ್ಮ ಹಕ್ಕು ಮನೆಯ ಜೊತೆಗೇ ಹೋಗುತ್ತದೆ. ನಮ್ಮಪ್ಪನ ಪತ್ರದಲ್ಲಿ ಇದೊಂದು ಸಾಲು ಇದ್ದಿದ್ದರೆ ಸಾಕಿತ್ತು. ಇಂಥ ಮನೆಯ ಮೇಲೆ ಬ್ಯಾಂಕು ಸುಲಭಕ್ಕೆ ಸಾಲ ಕೊಡುವುದಿಲ್ಲ, ಅದು ನಿಜ. ನಿಮಗೆ ಅದೇ ರಕ್ಷಣೆ.

ಎರಡನೆಯದು ನೋಡಿಕೊಳ್ಳುವ ಷರತ್ತು: "ಬರೆಯಿಸಿಕೊಂಡವರು ನಮ್ಮಿಬ್ಬರ ಊಟ, ವಾಸ, ಔಷಧೋಪಚಾರ ಮತ್ತು ದಿನನಿತ್ಯದ ಅಗತ್ಯಗಳನ್ನು ನೋಡಿಕೊಳ್ಳತಕ್ಕದ್ದು. ಈ ಷರತ್ತಿನ ಮೇಲೆಯೇ ಈ ಪತ್ರ ಮಾಡಿಕೊಟ್ಟಿದೆ." ಇದರ ಹಿಂದೆ ಇರುವುದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮು. 60 ತುಂಬಿದವರು ಇಂಥ ಷರತ್ತಿನ ಮೇಲೆ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತು ಇಲ್ಲದಿದ್ದರೆ ಈ ಕಲಮು ಅನ್ವಯಿಸದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ, ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದು ದಾನವನ್ನು ರದ್ದು ಮಾಡಿ, ಮನೆಯ ಸ್ವಾಧೀನ ವಾಪಸ್ ಕೊಡಿಸಿತು. ಕೋರ್ಟಿನ ಉದಾರತೆಗೆ ಕಾಯುವುದಕ್ಕಿಂತ ಒಂದು ಸಾಲು ಬರೆಸುವುದು ಸುಲಭ ಅಲ್ವಾ?

"ಮಗ ಎಂದೂ ಮಾರಬಾರದು" ಅಂತ ಬರೆಸಲು ಕೆಲವರು ಹಟ ಹಿಡಿಯುತ್ತಾರೆ. ಪೂರ್ತಿ ಮಾರಲೇಬಾರದು ಅನ್ನುವ ಷರತ್ತನ್ನು ಕಾನೂನು ಒಪ್ಪುವುದಿಲ್ಲ. ಇರುವ ಹಕ್ಕಿನ ಸಾಲೇ ಆ ಕೆಲಸ ಮಾಡುತ್ತದೆ.

7. ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ

ಒಬ್ಬರಿಗೆ ಗುಟ್ಟಾಗಿ ಬರೆದುಕೊಟ್ಟ ಕಾಗದ ಒಂದಲ್ಲ ಒಂದು ದಿನ ಬಯಲಿಗೆ ಬರುತ್ತದೆ. ಇಸಿ, ಅಂದರೆ ಋಣಭಾರ ಪತ್ರ, ತೆಗೆದರೆ ಮುಗಿಯಿತು. ನಾನು 2022ರಲ್ಲಿ ಗೋಕುಲ ರೋಡ್ ಕಡೆಯ ಪ್ಲಾಟನ್ನು ಮಗನಿಗೆ ಕೊಡುವಾಗ ಹಾವೇರಿಯಿಂದ ಮಗಳನ್ನೂ ಅಳಿಯನನ್ನೂ ಕರೆಸಿದೆ. ಪ್ಲಾಟಿನ ಬೆಲೆ ಇಷ್ಟು, ಮಗಳಿಗೆ ಠೇವಣಿಯಿಂದ ಇಷ್ಟು, ಮನೆ ಮಾತ್ರ ನಮ್ಮಿಬ್ಬರ ನಂತರ ಇಬ್ಬರಿಗೂ ಸಮ ಅಂತ ಬಿಡಿಸಿ ಹೇಳಿದೆ. ಮಗಳು ಅವತ್ತು ಅತ್ತಳು. ಹಣಕ್ಕಲ್ಲ. "ನನ್ನನ್ನೂ ಕರದು ಕೇಳಿದ್ರಲ್ಲ ಅಪ್ಪಾ" ಅಂದಳು. ಆ ಮಾತು ಕೇಳಿ ನನಗೇ ನಾಚಿಕೆಯಾಯಿತು. ಕರೆದು ಕೇಳುವುದು ಅಷ್ಟು ಅಪರೂಪ ಆಗಿದೆಯಲ್ಲ ನಮ್ಮಲ್ಲಿ.

ಸಮ ಅಂದರೆ ತಕ್ಕಡಿಯಲ್ಲಿ ತೂಗಿದಂತೆ ಇರಬೇಕು ಅಂತಿಲ್ಲ. ಯಾಕೆ ಹೆಚ್ಚು ಕಡಿಮೆ ಅಂತ ಹೇಳಿದರೆ ಬಹಳಷ್ಟು ಮಕ್ಕಳು ಒಪ್ಪುತ್ತಾರೆ.

8. ಖರ್ಚು, ತೆರಿಗೆ

ಕರ್ನಾಟಕದಲ್ಲಿ ಮಗ, ಮಗಳು, ಸೊಸೆ, ಮೊಮ್ಮಕ್ಕಳಂಥ ಕುಟುಂಬದವರಿಗೆ ದಾನ ಮಾಡಿದರೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲೆ ಇರುವುದಿಲ್ಲ, ನಿಗದಿತ ಸಣ್ಣ ಮೊತ್ತ ಇರುತ್ತದೆ. ಹಳ್ಳಿ, ಪಟ್ಟಣ, ಮಹಾನಗರ ಪಾಲಿಕೆ ಅಂತ ಸ್ವಲ್ಪ ವ್ಯತ್ಯಾಸವಿದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅಂದಿನ ದರ ನೋಡಿಕೊಳ್ಳಿ. ಕಡಿಮೆ ಇದೆ ಅನ್ನುವುದೇ ಬಹಳ ಜನರನ್ನು ಅವಸರಕ್ಕೆ ತಳ್ಳುತ್ತದೆ.

ದಾನ ತೆರಿಗೆ 1998ರಲ್ಲೇ ಹೋಗಿದೆ, ಮಕ್ಕಳು ತಂದೆ ತಾಯಿಯಿಂದ ಪಡೆದದ್ದಕ್ಕೆ ಆದಾಯ ತೆರಿಗೆ ಇಲ್ಲ. ಮುಂದೆ ಅವರು ಮಾರಿದಾಗ ಲಾಭದ ಲೆಕ್ಕಕ್ಕೆ ನೀವು ಕೊಂಡ ಬೆಲೆಯೇ ಮೂಲ, ಆದ್ದರಿಂದ ಹಳೆಯ ಖರೀದಿ ಪತ್ರ ಜೋಪಾನವಾಗಿ ಅವರಿಗೆ ಕೊಡಿ. ಸೊಸೆಯ ಹೆಸರಿಗೆ ಮನೆ ಕೊಟ್ಟರೆ ಅದರ ಬಾಡಿಗೆ ನಿಮ್ಮ ಆದಾಯಕ್ಕೇ ಸೇರುತ್ತದೆ. ನಗದು ಕೊಡುವವರು 2 ಲಕ್ಷ ಅಥವಾ ಹೆಚ್ಚಿನ ಮೊತ್ತ ಕೈಗೆ ಕೊಡಬೇಡಿ, ಖಾತೆಯಿಂದ ಖಾತೆಗೆ ಹಾಕಿ. ಬಂಗಾರ ಕೈಯಿಂದ ಕೈಗೆ ಕೊಟ್ಟರೂ ದಾನ ಆಗುತ್ತದೆ. ಏನು, ಎಷ್ಟು ತೊಲ, ಯಾರಿಗೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ.

9. ನೋಂದಣಿ ದಿನ ಮತ್ತು ಆಮೇಲೆ

ಕರಡನ್ನು ಮನೆಗೆ ತಂದು ಎರಡು ದಿನ ಇಟ್ಟುಕೊಂಡು ಓದಿ. ಕಣ್ಣು ಮಂಜಾಗಿದ್ದರೆ, ಆಸ್ತಿಗೆ ಸಂಬಂಧವಿಲ್ಲದ ಯಾರಿಂದಲಾದರೂ ಓದಿಸಿ. ಚೆಕ್ಕುಬಂದಿ, ಸರ್ವೆ ನಂಬರು, ಹುಬ್ಬಳ್ಳಿ ಧಾರವಾಡದಲ್ಲಾದರೆ ಸಿಟಿ ಸರ್ವೆ ನಂಬರು, ಎಲ್ಲವನ್ನೂ ಮೂಲ ಕಾಗದದ ಜೊತೆ ತಾಳೆ ನೋಡಿ. ಮಹಾನಗರ ಪಾಲಿಕೆ, ಪುರಸಭೆಯ ಆಸ್ತಿಗೆ ಇ-ಖಾತೆ, ಗ್ರಾಮ ಪಂಚಾಯಿತಿಯದಕ್ಕೆ ಇ-ಸ್ವತ್ತು ಬೇಕು. ಹೊಲದ ಒಂದು ಭಾಗ ಮಾತ್ರ ಕೊಡುವುದಾದರೆ ಮೊದಲು ಸರ್ವೆಯವರಿಂದ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಆಧಾರ್, ಪಾನ್ ಕಾರ್ಡ್, ಫೋಟೋ, ತೆರಿಗೆ ಕಟ್ಟಿದ ರಸೀದಿ, ಮೂಲ ಪತ್ರ ಇಟ್ಟುಕೊಂಡು ಸಬ್ ರಜಿಸ್ಟ್ರಾರ್ ಕಚೇರಿಗೆ ಹೋಗಿ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ. ಮುಂದೆ ಕೋರ್ಟಿಗೆ ಬಂದು ಹೇಳುವವರು ಅವರೇ ತಾನೇ? ವಯಸ್ಸು 80ರ ಹತ್ತಿರ ಇದ್ದರೆ ಅಥವಾ ಈಚೆಗೆ ಆಸ್ಪತ್ರೆಯಲ್ಲಿದ್ದರೆ, ಬುದ್ಧಿ ಸ್ಥಿಮಿತದಲ್ಲಿದೆ ಅಂತ ವೈದ್ಯರ ಪತ್ರ ಪಡೆದು ಜೊತೆಗಿಡಿ. ನಡೆಯಲಾಗದವರ ಮನೆಗೇ ಬಂದು ನೋಂದಣಿ ಮಾಡುವ ಅವಕಾಶವೂ ಕಾನೂನಿನಲ್ಲಿದೆ.

ಆಮೇಲೆ ಖಾತೆ ಬದಲಾವಣೆ ಆಗಿದೆಯಾ ಅಂತ ನೋಡಿ. ಪಾಲಿಕೆಯಲ್ಲೂ ಸಿಟಿ ಸರ್ವೆಯಲ್ಲೂ ಬೇರೆ ಬೇರೆ ಆಗಬೇಕು. ಇರುವ ಹಕ್ಕು ಉಳಿಸಿಕೊಂಡಿದ್ದರೆ ಪತ್ರದ ದೃಢೀಕೃತ ನಕಲು ನಿಮ್ಮ ಹತ್ತಿರವೇ ಇರಲಿ. ಹೆಸ್ಕಾಂ ಕರೆಂಟ್ ಮೀಟರಿನ ಹೆಸರು ಬದಲಿಸುವ ಅವಸರ ಬೇಡ.

ಈಗಾಗಲೇ ಬರೆದುಕೊಟ್ಟು ಕಷ್ಟದಲ್ಲಿದ್ದರೆ

ಸುಮ್ನೆ ಕೂರಬೇಡಿ. ಉಪವಿಭಾಗಾಧಿಕಾರಿ, ಅಂದರೆ ಎಸಿ, ಅವರ ಮುಂದೆ ಅರ್ಜಿ ಕೊಡಬಹುದು. ಹಿರಿಯರ ನ್ಯಾಯಮಂಡಳಿ ಅವರದೇ. ಧಾರವಾಡ, ಗದಗ, ಹಾವೇರಿ, ಸವಣೂರಿನಲ್ಲಿ ಕಚೇರಿಗಳಿವೆ. ವಕೀಲರಿಲ್ಲದೆ ನೀವೇ ಅರ್ಜಿ ಬರೆದು ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ಪತ್ರದಲ್ಲಿ ಷರತ್ತು ಇಲ್ಲದಿದ್ದರೂ ಆ ಜೀವನಾಂಶ ಕೇಳಲು ಅಡ್ಡಿ ಇಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯ ನ್ಯಾಯಾಲಯಗಳಲ್ಲಿ ಅದರ ಕಚೇರಿ ಇದೆ, ಫೋನ್ 15100.

ಅರ್ಜಿಯ ಜೊತೆ ಬಕ್ಷೀಸ ಪತ್ರದ ನಕಲು, ವಯಸ್ಸಿನ ದಾಖಲೆ, ಔಷಧಿ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್ ಇಡಿ. ಪತ್ರ ಮಾಡಿದ ದಿನ ಮಗ ಅಥವಾ ಮಗಳು ನೋಡಿಕೊಳ್ಳುತ್ತೇನೆ ಅಂತ ಚೀಟಿ ಬರೆದುಕೊಟ್ಟಿದ್ದರೆ, ಅದು ಎಷ್ಟೇ ಹಳೆಯದಾಗಿರಲಿ, ಹರಿದಿರಲಿ, ಹುಡುಕಿ ತೆಗೆದುಕೊಂಡು ಹೋಗಿ. ಮಧ್ಯಪ್ರದೇಶದ ಆ ತಾಯಿ ಸುಪ್ರೀಂ ಕೋರ್ಟಿನ ಮುಂದೆ ಇಟ್ಟ ಕಾಗದಗಳಲ್ಲಿ ಅಂಥದ್ದೊಂದು ವಚನ ಪತ್ರವೂ ಇತ್ತು.